ಭೂಮಿಕಾ ಏನು ಓದಿದ್ದಳು?

ನಿಮ್ಮ ಮೆಚ್ಚಿನ ಸಿನೆಮಾ ಯಾವುದು ಟೀಚರ್ ಎಂದು ಮಕ್ಕಳು ಕೇಳಿದಾಗಲೆಲ್ಲ ನಾನು ಯೋಚಿಸದೆ ಹೇಳುತ್ತಿದ್ದ ಉತ್ತರ ಒಂದೇ: ನಾಗತಿಹಳ್ಳಿ ಚಂದ್ರಶೇಖರ ಅವರ 'ಅಮೆರಿಕಾ ಅಮೆರಿಕಾ'. ಬೈಂದೂರಿನ ಕಡೆಯ ಶಾಲೆಯಲ್ಲಿದ್ದಾಗಲೂ ಅದೇ, ಕುಂದಾಪುರಕ್ಕೆ ವರ್ಗವಾಗಿ ಬಂದ ಮೇಲೂ ಅದೇ. ಪರದೇಶದಲ್ಲಿ ನೆಲೆ ತಪ್ಪಿದವರ ಕಥೆಯನ್ನು ಕನ್ನಡದಲ್ಲಿ ಇಷ್ಟು ಮನಸ್ಸಿಗೆ ತಟ್ಟುವಂತೆ ಹೇಳಿದ ಚಿತ್ರ ಇನ್ನೊಂದಿಲ್ಲ ಎಂದು ವಾದಿಸುತ್ತಿದ್ದೆ. ಕಳೆದ ದೀಪಾವಳಿಗೆ ಮಗಳು ಬೆಂಗಳೂರಿನಿಂದ ಬಂದಿದ್ದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಕೂರಿಸಿದ್ದಕ್ಕೆ ಒಂದು ಕಾರಣವಿತ್ತು. ಅವಳಿಗೆ ಅಮೆರಿಕದಲ್ಲಿರುವ ಹುಡುಗನ ಸಂಬಂಧ ಬಂದಿದೆ. ನನಗೆ ಒಳಗೊಳಗೇ ಅಳುಕು. ನಾನು ಬೇಡ ಎಂದರೆ ತಾಯಿಯ ಸ್ವಾರ್ಥ ಎಂದುಕೊಂಡಾಳು, ಆ ಮಾತನ್ನು ಸಿನೆಮಾದ ಬಾಯಿಂದಲೇ ಹೇಳಿಸೋಣ ಎಂಬುದು ನನ್ನ ಹಂಚಿಕೆ.

ಮಗಳು ಪೂರ್ತಿ ನೋಡಿದಳು. ಹಾಡು ಬಂದಾಗ ಗುನುಗಿದಳು ಕೂಡ. ಮುಗಿದ ಮೇಲೆ ಎದ್ದು ಲೋಟಗಳನ್ನು ಒಳಗಿಡಲು ಹೋದವಳು ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದಳು: "ಅಮ್ಮ, ಆ ಹೆಣ್ಣ್ ಎಂತ ಓದಿತ್ತ್?"

ನನಗೆ ಉತ್ತರ ಹೊಳೆಯಲಿಲ್ಲ. ಇದು ನನಗೆ ಐದನೆಯ ಸಲವೋ ಆರನೆಯ ಸಲವೋ ನೋಡಿದ ಚಿತ್ರ. ಸೂರ್ಯನ ಮಾತುಗಳು ನೆನಪಿವೆ, ಶಶಾಂಕನ ಓಡಾಟ ನೆನಪಿದೆ, ಭೂಮಿಕಾಳ ಕಣ್ಣೀರು ನೆನಪಿದೆ. ಆಕೆ ಏನು ಓದಿದ್ದಳು, ಮುಂದೆ ಏನು ಮಾಡಬೇಕೆಂದುಕೊಂಡಿದ್ದಳು ಎಂಬುದನ್ನು ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಟೀಚರಿಗೆ ಇದು ಸಣ್ಣ ಮುಖಭಂಗವಲ್ಲ.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು 1997ರಲ್ಲಿ. ಆಗ ನಮ್ಮ ಉಡುಪಿ ಜಿಲ್ಲೆ ಹುಟ್ಟುತ್ತಿದ್ದ ಕಾಲ. ಕೊಂಕಣ ರೈಲು ಇನ್ನೂ ಪೂರ್ತಿ ಓಡಲಾರಂಭಿಸಿರಲಿಲ್ಲ. ನಾನು ಕೆಲಸಕ್ಕೆ ಸೇರಿ ಸ್ವಲ್ಪವೇ ಕಾಲವಾಗಿತ್ತು, ಮದುವೆಯಾಗಿರಲಿಲ್ಲ. ಬ್ರಹ್ಮಾವರದ ನಮ್ಮ ಮನೆಯಿಂದ ಅಮ್ಮ, ಚಿಕ್ಕಮ್ಮ, ನಾನು ಬಸ್ಸು ಹಿಡಿದು ಕುಂದಾಪುರಕ್ಕೆ ಮ್ಯಾಟಿನಿಗೆ ಹೋದೆವು. ಅಮ್ಮ ಸಿನೆಮಾ ನೋಡುವವರೇ ಅಲ್ಲ. ಅವರು ಹೊರಟದ್ದು ಅಮೆರಿಕವನ್ನು ನೋಡಲು. ಏಕೆಂದರೆ ಅಕ್ಕ ಅಲ್ಲಿದ್ದಳು. 1995ರಲ್ಲಿ ಮದುವೆಯಾಗಿ ಹೋದವಳು ತಿರುಗಿ ಬಂದಿರಲಿಲ್ಲ. ಅವಳು ಇರುವ ಊರು ಹೇಗಿದೆ, ಅಲ್ಲಿನ ರಸ್ತೆ ಹೇಗಿದೆ, ಮನೆಗಳು ಹೇಗಿವೆ ಎಂದು ಪರದೆಯ ಮೇಲಾದರೂ ಕಾಣುವ ಆಸೆ ಅಮ್ಮನಿಗೆ.

ಅದಕ್ಕೆ ಮೊದಲು ನಮ್ಮ ಸಿನೆಮಾಗಳು ವಿದೇಶಕ್ಕೆ ಹೋಗಿರಲಿಲ್ಲವೆಂದಲ್ಲ. 1978ರಲ್ಲೇ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಬಂದಿತ್ತು. ಅಲ್ಲಿ ವಿದೇಶವೆಂದರೆ ಓಡಾಟ, ಹೊಡೆದಾಟ, ನಗು. ಪ್ರೇಕ್ಷಕ ಪ್ರವಾಸಿಯಂತೆ ಹೋಗಿ ಪ್ರವಾಸಿಯಂತೆ ಮರಳುತ್ತಾನೆ. ನಾಗತಿಹಳ್ಳಿಯವರು ಮಾಡಿದ ಹೊಸತು ಏನೆಂದರೆ ವಿದೇಶದಲ್ಲಿ ಒಂದು ಸಂಸಾರವನ್ನು ಹೂಡಿದ್ದು. ಅಲ್ಲಿಯೂ ಬೆಳಗಾಗುತ್ತದೆ, ಗಂಡ ಕೆಲಸಕ್ಕೆ ಹೋಗುತ್ತಾನೆ, ಹೆಂಡತಿ ಉಳಿಯುತ್ತಾಳೆ, ಸಂಜೆಯಾಗುವುದು ತಡ. ಗೋಡೆಯ ಆಚೆ ಮಾತನಾಡಿಸುವ ನೆರೆಕರೆಯಿಲ್ಲ. ಈ ತಡವಾಗುವ ಸಂಜೆಯನ್ನು ಕನ್ನಡದಲ್ಲಿ ಅವರು ತೋರಿಸಿದ ಹಾಗೆ ಆವರೆಗೆ ಯಾರೂ ತೋರಿಸಿದ್ದನ್ನು ನಾನು ಕಂಡಿರಲಿಲ್ಲ. ಚಿತ್ರಕ್ಕೆ 1996ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡ ಮಾತೆಂದರೆ ಜನ ನೋಡಿದರು, ಕಣ್ಣೊರೆಸಿಕೊಂಡರು, ಕ್ಯಾಸೆಟ್ಟು ಕೊಂಡರು.

ಕಥೆ ಬಹುಪಾಲು ಎಲ್ಲರಿಗೂ ಗೊತ್ತು. ಸೂರ್ಯ, ಶಶಾಂಕ, ಭೂಮಿಕಾ ಬಾಲ್ಯದಿಂದ ಸ್ನೇಹಿತರು. ರಮೇಶ್ ಮಾಡಿದ ಸೂರ್ಯನಿಗೆ ತನ್ನ ನೆಲ ಬಿಟ್ಟು ಹೋಗಲು ಮನಸ್ಸಿಲ್ಲ. ಅಕ್ಷಯ್ ಆನಂದ್ ಮಾಡಿದ ಶಶಾಂಕನಿಗೆ ಅಮೆರಿಕವೇ ಕನಸು. ಇಬ್ಬರ ನಡುವೆ ಹೇಮಾ ಮಾಡಿದ ಭೂಮಿಕಾ. ಅವಳು ಶಶಾಂಕನ ಕೈಹಿಡಿದು ಹೋಗುತ್ತಾಳೆ. ಅಲ್ಲಿ ಅವನು ದುಡಿಮೆಯ ಹಿಂದೆ, ಇವಳು ಒಂಟಿತನದ ಜೊತೆ. ಮುಂದೆ ಸೂರ್ಯ ಅಲ್ಲಿಗೆ ಬರುತ್ತಾನೆ, ಗಂಡನ ಮನಸ್ಸಿನಲ್ಲಿ ಸಂಶಯ ಹುಟ್ಟುತ್ತದೆ. ಇನ್ನೂ ನೋಡದವರು ಇರಬಹುದೆಂದು ಕೊನೆಯನ್ನು ಹೇಳುವುದಿಲ್ಲ. ನನಗಂತೂ ಆ ಭಾಗ ಅವಸರದ್ದೆನಿಸಿತು.

ಹೆಸರುಗಳನ್ನು ಗಮನಿಸಿ. ಒಬ್ಬ ಸೂರ್ಯ, ಒಬ್ಬ ಚಂದ್ರ, ನಡುವೆ ಭೂಮಿ. ಆಗ ನನಗೆ ಇದು ಬಹಳ ಚೆಂದ ಕಂಡಿತ್ತು, ತರಗತಿಯಲ್ಲಿ ಹೇಳಿದ್ದೂ ಉಂಟು. ಈಗ ಅನಿಸುತ್ತದೆ, ಈ ಹೆಸರಿನಲ್ಲೇ ಚಿತ್ರದ ಕಷ್ಟವೂ ಇದೆ. ಸೂರ್ಯನಿಗೆ ಬೆಳಕಿದೆ, ಚಂದ್ರನಿಗೆ ಎರವಲು ತಂದದ್ದಾದರೂ ಹೊಳಪಿದೆ. ಭೂಮಿಗೆ ಇರುವುದು ಸಹನೆ. ಅವಳು ಯಾರ ಬೆಳಕಿಗೆ ಮುಖಮಾಡುತ್ತಾಳೆ ಎಂಬುದೇ ಕಥೆ.

ಟಾಕೀಸಿನಲ್ಲಿ ಅಮ್ಮ ಅತ್ತರು. ವಾಪಸು ಬರುವ ಬಸ್ಸಿನಲ್ಲಿ ಕೋಟೇಶ್ವರ ದಾಟುವವರೆಗೆ ಮಾತಿಲ್ಲ. ಆಮೇಲೆ ಮೆಲ್ಲಗೆ, "ನಮ್ಮ ಹೆಣ್ಣೂ ಅಲ್ಲಿ ಹೀಂಗೇ ಇತ್ತೋ ಏನೋ" ಎಂದರು. ಆ ರಾತ್ರಿ ನಾನು ಅಕ್ಕನಿಗೆ ಏರ್ ಮೇಲ್ ಪತ್ರ ಬರೆದೆ. ಹೊಸದಾಗಿ ಬಿಎಡ್ ಮುಗಿಸಿದ ಬಿಸಿ. ಮಣ್ಣು, ತಾಯಿ, ಬೇರು ಎಂದು ನಾಲ್ಕು ಪುಟ ತುಂಬಿಸಿದೆ. ಚಿತ್ರದ ಕಥೆಯನ್ನು ಬರೆದು, ನಿನ್ನ ಸಂಕಟ ನಮಗೆ ಅರ್ಥವಾಗುತ್ತದೆ ಎಂದು ಮುಗಿಸಿದ್ದೆ.

ಮೂರು ವಾರ ಬಿಟ್ಟು ಉತ್ತರ ಬಂತು. ಮನೆಯವರ ಕ್ಷೇಮ, ಚಳಿಯ ವಿಚಾರ ಎಲ್ಲ ಆದ ಮೇಲೆ ಕೆಳಗೆ ಹೀಗಿತ್ತು: ನೀನು ಬರೆದ ಸಿನೆಮಾ ನೋಡಿಲ್ಲ. ನನಗೆ ಇಲ್ಲಿ ಮಣ್ಣಿನ ನೆನಪು ಅಷ್ಟಾಗಿ ಬರುವುದಿಲ್ಲ ಮಾರಾಯ್ತಿ. ಸಂಬಳದ ದಿನದ ನೆನಪು ಬರುತ್ತದೆ.

ಅಕ್ಕ ಮದುವೆಗೆ ಮುಂಚೆ ಐದು ವರ್ಷ ಊರಿನ ಒಂದು ಬ್ಯಾಂಕಿನಲ್ಲಿದ್ದಳು. ತಿಂಗಳ ಕೊನೆಯ ದಿನ ಮನೆಗೆ ಬರುವಾಗ ಅವಳ ಕೈಯಲ್ಲಿ ಒಂದು ಪೊಟ್ಟಣ ಇದ್ದೇ ಇರುತ್ತಿತ್ತು, ಕೆಲವೊಮ್ಮೆ ನನಗೆ ರವಿಕೆ ಕಣ, ಕೆಲವೊಮ್ಮೆ ಬರೀ ಮಲ್ಲಿಗೆ. ಪತ್ರದ ಆ ಸಾಲು ಓದಿದಾಗ ನನಗೆ ಸಿಟ್ಟೇ ಬಂತು. ಎಷ್ಟು ಒಣಕಲು ಮಾತು, ದುಡ್ಡಿನ ದೇಶಕ್ಕೆ ಹೋಗಿ ಇವಳೂ ಹಾಗೇ ಆದಳೇ ಎಂದುಕೊಂಡೆ. ಅಮ್ಮನಿಗೆ ಆ ಸಾಲನ್ನು ಓದಿ ಹೇಳಲಿಲ್ಲ.

ಅದು ಒಣಕಲು ಮಾತಲ್ಲವೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಎಚ್-1ಬಿ ಎಂಬ ವೀಸಾದಲ್ಲಿ ಕೆಲಸಕ್ಕೆ ಹೋದವನ ಹೆಂಡತಿಗೆ ಎಚ್-4 ಎಂಬ ಅವಲಂಬಿತರ ವೀಸಾ. ಅದರಲ್ಲಿ ಅವಳು ಇರಬಹುದು, ಓದಬಹುದು, ದುಡಿಯುವಂತಿಲ್ಲ. 2015ರ ಮೇ ತಿಂಗಳಿನಿಂದ ಆ ಹೆಂಡಂದಿರಲ್ಲಿ ಕೆಲವರಿಗೆ ಕೆಲಸಕ್ಕೆ ಅನುಮತಿ ಸಿಕ್ಕಿತು, ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ಮುಟ್ಟಿದವರಿಗೆ ಮಾತ್ರ. ಅಕ್ಕ ಹೋದದ್ದು ಅದಕ್ಕೆ ಇಪ್ಪತ್ತು ವರ್ಷ ಮುಂಚೆ. ಕಾರು ಬಿಡಲು ಬಾರದಿದ್ದರೆ ಹಾಲು ತರಲೂ ಗಂಡ ಬರಬೇಕು. ಊರಿಗೆ ಫೋನು ಮಾಡಿದರೆ ನಿಮಿಷಕ್ಕೆ ಇಷ್ಟೆಂದು ಲೆಕ್ಕ. ನನಗೆ ಕಾಗದ ಹಾಕುವ ಸ್ಟಾಂಪಿಗೂ ಭಾವನ ಹತ್ತಿರ ಕೇಳಬೇಕಾಗಿತ್ತು ಎಂದು ಅವಳು ಹೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಭಾವ ಕೊಡದವರಲ್ಲ, ಬಹಳ ಒಳ್ಳೆಯವರು. ಆದರೆ ಕೇಳಬೇಕಿತ್ತು.

'ಅಮೆರಿಕಾ ಅಮೆರಿಕಾ' ಚಿತ್ರಕ್ಕೆ ಕಾಣದೇ ಹೋದದ್ದು ಇದು. ಅದು ಭೂಮಿಕಾಳ ಒಂಟಿತನವನ್ನು ಕಂಡಿತು, ಅದಕ್ಕೆ ಕಾರಣವನ್ನು ಮಾತ್ರ ಬೇರೆ ಕಡೆ ಹುಡುಕಿತು. ನಮ್ಮ ಸಂಸ್ಕೃತಿ ಅಲ್ಲಿಲ್ಲ, ಅಲ್ಲಿ ಎಲ್ಲವೂ ಹಣ, ಯಂತ್ರ, ಸಾಲ, ಅದಕ್ಕೇ ಅವಳು ಬಾಡಿದಳು ಎಂದಿತು. ಒಂದು ವೇಳೆ ಶಶಾಂಕ ಇನ್ನಷ್ಟು ಪ್ರೀತಿಯ ಗಂಡನಾಗಿದ್ದರೆ, ದಿನಾ ಐದು ಗಂಟೆಗೆ ಮನೆಗೆ ಬಂದು ಹಬ್ಬಕ್ಕೆಲ್ಲ ಪಾಯಸ ಮಾಡಿಸಿ ಉಣ್ಣುತ್ತಿದ್ದರೆ, ಭೂಮಿಕಾಳ ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗಿನ ಹೊತ್ತು ಏನಾಗುತ್ತಿತ್ತು? ಒಳ್ಳೆಯ ಗಂಡನಿರುವ ಮನೆಯಲ್ಲೂ ಆ ಹೊತ್ತು ಖಾಲಿಯೇ ಎಂಬುದಕ್ಕೆ ಅಕ್ಕನೇ ಸಾಕ್ಷಿ. ಚಿತ್ರದಲ್ಲಿ ಗಂಡ ಒರಟನಾದದ್ದರಿಂದ ನಿರ್ದೇಶಕರಿಗೆ ಕೆಲಸ ಸುಲಭವಾಯಿತು.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ಸಂಗತಿ ಹೇಳಬೇಕು. 1998ರಲ್ಲಿ ನಾನು ಬೈಂದೂರು ಕಡೆಗೆ ಮದುವೆಯಾಗಿ ಬಂದೆ. ಬ್ರಹ್ಮಾವರದಿಂದ ಬೈಂದೂರಿಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅದೇ ಕಡಲು, ಅದೇ ಕುಚ್ಚಲಕ್ಕಿ ಗಂಜಿ. ಆದರೂ ಮೊದಲ ಆರು ತಿಂಗಳು ಆ ಮನೆ ನನಗೆ ಪರದೇಶವೇ. ಒಗ್ಗರಣೆಯ ಪರಿಮಳ ಬೇರೆ, ಬಾಗಿಲ ಅಗುಳಿ ಹಾಕುವ ಶಬ್ದ ಬೇರೆ, ಯಾರ ಎದುರು ಎಷ್ಟು ನಗಬೇಕೆಂಬ ಲೆಕ್ಕ ಬೇರೆ. ಅತ್ತೆ ಕೆಟ್ಟವರಲ್ಲ. ಆದರೆ ಪಾತ್ರೆ ಎಲ್ಲಿಡಬೇಕೆಂದು ಕೇಳಿ ಕೇಳಿ ಇಡುವ ಮನೆ ಸ್ವಂತದ್ದಾಗುವುದು ಹೇಗೆ? ನನ್ನ ಆ ಪರದೇಶವಾಸ ಬೆಳಿಗ್ಗೆ ಎಂಟೂವರೆಯ ಬಸ್ಸಿನವರೆಗೆ ಮಾತ್ರ ಇರುತ್ತಿತ್ತು. ಬಸ್ಸು ಹತ್ತಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೊಡನೆ ನಾನು ನಾನಾಗುತ್ತಿದ್ದೆ. ಸಂಜೆ ಮತ್ತೆ ಹೋಗುವಾಗ ಒಳಗೊಂದು ಧೈರ್ಯ ಇರುತ್ತಿತ್ತು. ಅಕ್ಕನಿಗೆ ಎಂಟೂವರೆಯ ಬಸ್ಸು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಚಿತ್ರದ ಬಗ್ಗೆ ನಮ್ಮ ಸೀಮೆಯವರಿಗೆ ಇನ್ನೊಂದು ಅಭಿಮಾನವಿದೆ. ಅದರಲ್ಲಿ ಬಳಸಿದ 'ಮೋಹನ ಮುರಳಿ' ಕವಿತೆ ನಮ್ಮ ಗೋಪಾಲಕೃಷ್ಣ ಅಡಿಗರದು. ಅಡಿಗರು ಬೈಂದೂರು ಕಡೆಯ ಮೊಗೇರಿಯವರು. 1918ರಲ್ಲಿ ಹುಟ್ಟಿದ ಅವರು 1992ರಲ್ಲಿ ತೀರಿಕೊಂಡರು, ಹಾಗಾಗಿ ತಮ್ಮ ಕವಿತೆಗೆ ಈ ಚಿತ್ರದಿಂದ ಸಿಕ್ಕಿದ ಎರಡನೆಯ ಜನ್ಮವನ್ನು ಅವರು ನೋಡಲಿಲ್ಲ. ಕವಿತೆಯೆಂದರೆ ದೂರ ಹೋಗುತ್ತಿದ್ದ ಬಸ್ ಕಂಡಕ್ಟರುಗಳೂ ಇದನ್ನು ಹಾಡಿಕೊಂಡರು. ಚಿತ್ರಕ್ಕೆ ಸಂಗೀತ ನೀಡಿದ ಮನೋಮೂರ್ತಿಯವರು ತಾವೇ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು. ಮೊಗೇರಿಯ ಕವಿ, ಅಮೆರಿಕದ ಸಂಗೀತಗಾರ. ಇದು ಕೂಡಿಬಂದದ್ದು ಎಷ್ಟು ಸೊಗಸು!

ಆದರೆ ಈಗ ಮತ್ತೆ ಕೇಳುವಾಗ ನನಗೆ ಕವಿತೆಯೂ ಚಿತ್ರವೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಿವೆ ಎನಿಸುತ್ತದೆ. ಚಿತ್ರ ಹೋದವನನ್ನು ಗದರುತ್ತದೆ. ಕವಿತೆ ಗದರುವುದಿಲ್ಲ. ಎಲ್ಲ ಇದ್ದರೂ ದೂರದ ಒಂದು ಕರೆಗೆ ಮನಸ್ಸು ಎದ್ದು ಹೊರಡುವುದೇಕೆ ಎಂದು ಬೆರಗಿನಿಂದ ಕೇಳುತ್ತದೆ. ಕೇಳಿದವರಿಗೆ ಗೊತ್ತು ಆ ಸೆಳೆತ. ಅಡಿಗರೇ ಮೊಗೇರಿ ಬಿಟ್ಟು ಹೋದವರಲ್ಲವೆ? ಮೈಸೂರು, ಸಾಗರ, ಉಡುಪಿ, ಶಿಮ್ಲಾ, ಬೆಂಗಳೂರು. ನಮ್ಮ ಕರಾವಳಿಯಲ್ಲಿ ಮನೆಗೊಬ್ಬರಾದರೂ ಹೊರಡದೆ ಇರುವ ಮನೆ ಎಷ್ಟಿವೆ? ಮುಂಬಯಿಯ ಹೋಟೆಲಿಗೆ ಹೋದರು, ಬೆಂಗಳೂರಿನ ಬೇಕರಿಗೆ ಹೋದರು, ಕೊಲ್ಲಿಗೆ ಹೋದರು. ಅವರು ಕಳಿಸಿದ ಮನಿ ಆರ್ಡರಿನಲ್ಲಿ ತಮ್ಮ ತಂಗಿಯರು ಓದಿದರು. ಸೂರ್ಯನ ಭಾಷಣ ಕೇಳುವಾಗ ಈ ಮನಿ ಆರ್ಡರುಗಳ ನೆನಪು ನನಗೆ ಬಾರದೆ ಇರುವುದಿಲ್ಲ. ಊರಿನಲ್ಲೇ ಉಳಿದು ದೊಡ್ಡ ಮಾತಾಡಲು ಕೂಡ ಮನೆಯಲ್ಲಿ ಅಷ್ಟಿಷ್ಟು ಗದ್ದೆ ಇರಬೇಕು.

ನಮ್ಮದೇ ಕೋಟದ ಶಿವರಾಮ ಕಾರಂತರು 'ಮರಳಿ ಮಣ್ಣಿಗೆ'ಯಲ್ಲಿ ಹೇಳಿದ್ದೂ ಊರು ಬಿಟ್ಟವರ, ಊರಿಗೆ ಮರಳಿದವರ ಕಥೆಯೇ. ಕೊನೆಗೆ ರಾಮ ಮಣ್ಣಿಗೆ ಮರಳುತ್ತಾನೆ. ಆದರೆ ಅವನು ಮರಳಲು ಆ ಮಣ್ಣು ಉಳಿದದ್ದು ಯಾರಿಂದ? ಪಾರೋತಿ, ಸರಸೋತಿ, ನಾಗವೇಣಿ ಇವರು ಬೆನ್ನು ಬಗ್ಗಿಸಿದ್ದರಿಂದ. ಕಾರಂತರು ಆ ಬೆನ್ನುಗಳನ್ನು ಪುಟಗಟ್ಟಲೆ ತೋರಿಸಿದ್ದಾರೆ. ಮಣ್ಣಿನ ಪ್ರೀತಿಯ ಮಾತು ಅಲ್ಲಿ ಭಾರವಾಗಿ ಬರುವುದು ಅದಕ್ಕೇ. ಸೂರ್ಯನ ಮಾತು ನನಗೆ ಈಗ ಅಷ್ಟು ಭಾರವೆನಿಸುವುದಿಲ್ಲ.

ಮಗಳ ಪ್ರಶ್ನೆಯ ಮರುದಿನ ಅವಳೇ ತನ್ನ ಲ್ಯಾಪ್‌ಟಾಪಿನಲ್ಲಿ ನನಗೊಂದು ಚಿತ್ರ ತೋರಿಸಿದಳು, 'ಲಾಸ್ಟ್ ಇನ್ ಟ್ರಾನ್ಸ್‌ಲೇಷನ್'. 2003ರದು, ಸೋಫಿಯಾ ಕೊಪೊಲಾ ಎಂಬಾಕೆ ನಿರ್ದೇಶಿಸಿದ್ದು. ನಿನಗೆ ನಿದ್ರೆ ಬರಬಹುದು ಎಂದು ಮೊದಲೇ ಎಚ್ಚರಿಸಿದ್ದಳು. ಕಥೆಯೇನೂ ಇಲ್ಲ. ವಿಸ್ಕಿಯ ಜಾಹೀರಾತಿಗೆಂದು ಟೋಕಿಯೋಕ್ಕೆ ಬಂದ ವಯಸ್ಸಾದ ನಟ, ಫೋಟೋ ತೆಗೆಯುವ ಗಂಡನ ಜೊತೆ ಬಂದ ಎಳೆಯ ಹೆಂಡತಿ, ಇಬ್ಬರೂ ಅಮೆರಿಕದವರು, ಒಂದೇ ಹೋಟೆಲು, ಇಬ್ಬರಿಗೂ ನಿದ್ರೆಯಿಲ್ಲ. ಜಾಹೀರಾತಿನ ನಿರ್ದೇಶಕ ಜಪಾನೀ ಭಾಷೆಯಲ್ಲಿ ಉದ್ದಕ್ಕೆ ಹೇಳುತ್ತಾನೆ, ದುಭಾಷಿ ಒಂದೇ ವಾಕ್ಯದಲ್ಲಿ ಮುಗಿಸುತ್ತಾಳೆ. ಅಷ್ಟೇ ಹೇಳಿದ್ದಾ ಎಂದು ನಟ ಕಣ್ಣು ಕಣ್ಣು ಬಿಡುತ್ತಾನೆ. ನಕ್ಕುಬಿಟ್ಟೆ.

ನನಗೆ ನಿದ್ರೆ ಬರಲಿಲ್ಲ. ಆ ಹುಡುಗಿ ಎತ್ತರದ ಹೋಟೆಲಿನ ಕಿಟಕಿಯ ಬಳಿ ಮೊಣಕಾಲು ಅಪ್ಪಿಕೊಂಡು ಕೂತು ಊರನ್ನು ನೋಡುತ್ತಾಳೆ. ಗಂಡ ಕೆಟ್ಟವನಲ್ಲ, ಕೆಲಸ ಹೆಚ್ಚು. ದೇಶವೂ ಕೆಟ್ಟದ್ದಲ್ಲ. ಅವಳು ಓದಿದವಳು, ತತ್ವಶಾಸ್ತ್ರ ಓದಿದ್ದಾಳೆ, ಮುಂದೇನು ಎಂದು ಗೊತ್ತಿಲ್ಲ. ಎರಡು ವರ್ಷದ ಹಿಂದೆ ಮದುವೆಯಾಗಿದೆ. ಇವಳಿಗೆ ಈ ಕಿಟಕಿ ಅಮೆರಿಕದಲ್ಲೂ ಇರಬಹುದಿತ್ತಲ್ಲ ಎಂದು ನನಗೆ ಅನಿಸಿತು. ನಮ್ಮವರು ಅಮೆರಿಕಕ್ಕೆ ಹೋಗಿ ಕೂತ ಹಾಗೆಯೇ ಅಮೆರಿಕದವಳು ಜಪಾನಿಗೆ ಹೋಗಿ ಕೂತಿದ್ದಾಳೆ. ಹಾಗಾದರೆ ಇದು ಸಂಸ್ಕೃತಿಯೊಂದರದೇ ಗಲಾಟೆಯಲ್ಲ, ಗಂಡನ ಕೆಲಸದ ಬಾಲ ಹಿಡಿದು ಹೋದವಳ ಪಾಡು.

ಹಾಗೆಂದು ಆ ಚಿತ್ರವನ್ನು ತಲೆಯ ಮೇಲೆ ಹೊತ್ತುಕೊಳ್ಳಲಾರೆ. ಅಲ್ಲಿ ಜಪಾನಿನವರೆಲ್ಲ ತಮಾಷೆಯ ಗೊಂಬೆಗಳ ಹಾಗೆ ಬಂದು ಹೋಗುತ್ತಾರೆ. ಅವರ ಉಚ್ಚಾರಣೆಗೆ ನಗುವುದು ಸ್ವಲ್ಪ ಅತಿಯೇ ಆಯಿತು. ನಮ್ಮ ಚಿತ್ರದ್ದೂ ಇದೇ ದೋಷ ಎನ್ನಬೇಕು: ಅಷ್ಟು ಸಲ ನೋಡಿದರೂ ಒಬ್ಬ ಅಮೆರಿಕನ್ನನ ಮುಖವೂ ನನ್ನ ನೆನಪಿನಲ್ಲಿ ಉಳಿದಿಲ್ಲ. ಬೇರೆಯವರ ದೇಶದಲ್ಲಿ ನಾವು ಕಳೆದುಹೋದೆವು ಎನ್ನುವವರು ಆ ಬೇರೆಯವರನ್ನು ಒಮ್ಮೆ ಮಾತನಾಡಿಸಬಾರದೆ? ಈ ವಿಷಯದಲ್ಲಿ ಗೌರಿ ಶಿಂಧೆಯವರ 'ಇಂಗ್ಲಿಷ್ ವಿಂಗ್ಲಿಷ್' ಒಂದು ಹೆಜ್ಜೆ ಮುಂದೆ. 2012ರಲ್ಲಿ ಬಂತು, ನಮ್ಮ ಪೇಟೆಯ ಹೆಂಗಸರೆಲ್ಲ ನೋಡಿದ್ದೇವೆ. ನ್ಯೂಯಾರ್ಕಿನ ಕಾಫಿ ಅಂಗಡಿಯಲ್ಲಿ ಶ್ರೀದೇವಿ ತಬ್ಬಿಬ್ಬಾಗುವ ದೃಶ್ಯ ನೋಡಿ ಹೊಟ್ಟೆ ತೊಳಸಿದ ಹಾಗಾಯಿತೆಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಆ ಶಶಿ ಅತ್ತು ಊರಿಗೆ ಮರಳುವುದಿಲ್ಲ. ಯಾರಿಗೂ ಹೇಳದೆ ನಾಲ್ಕು ವಾರದ ತರಗತಿಗೆ ಸೇರುತ್ತಾಳೆ. ಅಲ್ಲಿ ತನ್ನಂತೆಯೇ ಬೇರೆ ಬೇರೆ ದೇಶಗಳಿಂದ ಬಂದು ಭಾಷೆಗೆ ತಡವರಿಸುವವರನ್ನು ಕಾಣುತ್ತಾಳೆ. ಲಾಡು ಮಾಡಿ ಮಾರುವ ಅವಳ ಕೆಲಸಕ್ಕೆ ಆ ತರಗತಿಯಲ್ಲಿ ಮೊದಲ ಸಲ ಒಂದು ಗೌರವದ ಹೆಸರು ಸಿಗುತ್ತದೆ. ನನಗೆ ಅಕ್ಕನ ಸಂಬಳದ ದಿನದ ಮಾತು ಪೂರ್ತಿ ಅರ್ಥವಾದದ್ದು ಆ ದೃಶ್ಯದಲ್ಲಿ. ಪತ್ರ ಬಂದು ಹದಿನೈದು ವರ್ಷವಾಗಿತ್ತು.

ಇಷ್ಟೆಲ್ಲ ಕೊಂಕು ತೆಗೆದರೂ 'ಅಮೆರಿಕಾ ಅಮೆರಿಕಾ' ನನಗೆ ಬೇಡವಾಗಿಲ್ಲ. ರಮೇಶರ ಆ ತಗ್ಗಿದ ದನಿ, ಹೇಮಾ ಮಾತಿಲ್ಲದೆ ನಿಲ್ಲುವ ರೀತಿ ಇವತ್ತಿಗೂ ಹಿಡಿದು ನಿಲ್ಲಿಸುತ್ತವೆ. ವಿದೇಶದ ಅಳಿಯ ಎಂದರೆ ಊರಿಗೆ ಊರೇ ಬಾಯಿ ಬಿಡುತ್ತಿದ್ದ ಕಾಲದಲ್ಲಿ, ಆ ಮನೆಯೊಳಗೆ ಹೆಣ್ಣು ಏನು ಮಾಡುತ್ತಿದ್ದಾಳೆ ಒಮ್ಮೆ ನೋಡಿ ಎಂದು ಹೇಳಿದ ಚಿತ್ರ ಅದು. ಅದು ನೋಡಿ ಎಂದಿತು. ಅವಳು ಏನು ಓದಿದ್ದಳು ಎಂದು ಕೇಳಲು ನನ್ನ ಮಗಳ ತಲೆಮಾರು ಬರಬೇಕಾಯಿತು.

ಮುಂದಿನ ಭಾನುವಾರ ಹುಡುಗನ ತಂದೆ ತಾಯಿ ಬರುವವರಿದ್ದಾರೆ. ಹುಡುಗ ಅಲ್ಲಿ ಸ್ವಂತ ಮನೆ ಕೊಂಡಿದ್ದಾನೆ ಎಂದು ದಲ್ಲಾಳಿ ಎರಡು ಸಲ ಹೇಳಿದ. ನಮ್ಮವರು ಖುಷಿಯಲ್ಲಿದ್ದಾರೆ. ಮಗಳು ಹುಡುಗನನ್ನು ಬೇಡವೆನ್ನುವುದಿಲ್ಲ, ಒಳ್ಳೆಯವನಂತೆ ಕಾಣುತ್ತಾನೆ ಎನ್ನುತ್ತಾಳೆ. ಬೆಂಗಳೂರಿನ ತನ್ನ ಕೆಲಸದ ಮಾತು ಬಂದಾಗ ಮಾತ್ರ ಸುಮ್ಮನಾಗುತ್ತಾಳೆ. ನಾನು ಹಳೆಯ ಉತ್ತರಪತ್ರಿಕೆಯ ಹಿಂದುಗಡೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ವೀಸಾ ಯಾವುದು, ಅರ್ಜಿ ಯಾವ ಹಂತದಲ್ಲಿದೆ, ಇವಳು ಅಲ್ಲಿ ಕೆಲಸಕ್ಕೆ ಸೇರಲು ಎಷ್ಟು ಕಾಲ ಬೇಕು. ಹೆಣ್ಣಿನ ಕಡೆಯವರು ಇದನ್ನೆಲ್ಲ ಕೇಳಿದರೆ ಏನೆಂದುಕೊಂಡಾರು ಎಂದು ನಮ್ಮವರಿಗೆ ಮುಜುಗರ.

ನಿನ್ನೆ ರಾತ್ರಿ ಅಕ್ಕನಿಗೆ ಫೋನು ಮಾಡಿದ್ದೆ. ಈಗ ನಿಮಿಷದ ಲೆಕ್ಕವಿಲ್ಲ, ಮುಖವೂ ಕಾಣುತ್ತದೆ. ಅವಳು ಗ್ರೀನ್ ಕಾರ್ಡು ಸಿಕ್ಕಿದ ಮೇಲೆ ಮತ್ತೆ ಓದಿ ಲೆಕ್ಕಪತ್ರದ ಕೆಲಸ ಹಿಡಿದವಳು, ಇನ್ನು ಎರಡು ಮೂರು ವರ್ಷಕ್ಕೆ ನಿವೃತ್ತಿ ಎನ್ನುತ್ತಾಳೆ. ನನ್ನ ಪ್ರಶ್ನೆಗಳ ಪಟ್ಟಿ ಓದಿ ಹೇಳಿದೆ. "ಹೆಣ್ಣಿಗೆ ಅಲ್ಲಿ ಕೆಲ್ಸ ಮಾಡುಕ್ ಆತ್ತಾ ಕೇಣ್, ಅದನ್ನ ಮೊದ್ಲ್ ಕೇಣ್. ಮನಿ ಎಷ್ಟ್ ದೊಡ್ಡದ್ ಅಂದ್ ಕೇಣ್ಬೇಡ" ಎಂದಳು. ಆಮೇಲೆ ನಾನು, ಅಂದು ಕಾಗದದಲ್ಲಿ ಬರೆದಿದ್ದೆನಲ್ಲ ಆ ಸಿನೆಮಾ, ಆಮೇಲಾದರೂ ನೋಡಿದೆಯಾ ಎಂದು ಕೇಳಿದೆ. ನೋಡಿದ್ದಳಂತೆ, ಕನ್ನಡದ ಗೆಳತಿಯೊಬ್ಬಳು ಕ್ಯಾಸೆಟ್ಟು ತಂದಿದ್ದಾಗ.

"ಹ್ಯಾಂಗಿತ್ತ್?" ಎಂದೆ.

"ಹಾಡ್ ಲಾಯ್ಕ್ ಇತ್ತ್" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಊರಂಗೆ ಮಳಿ ಬಂತಾ?" ಎಂದು ಕೇಳಿದಳು.